ತೋಟದ ಗೊಂಬೆಗೆ ಲಾಂದ್ರ ಯಾಕೆ?

ಯುರೋಪಿನ ಮನೆಗಳ ಮುಂದೆ, ಹೂಗಿಡಗಳ ನಡುವೆ, ಕೆಂಪು ಚೂಪು ಟೋಪಿ ಹಾಕಿಕೊಂಡ ಪುಟ್ಟ ಮುದುಕನ ಗೊಂಬೆ ನಿಂತಿರುತ್ತದಲ್ಲ, ಅದೇ ಗಾರ್ಡನ್ ನೋಮ್. ಬಿಳಿ ಗಡ್ಡ, ಗುಂಡು ಹೊಟ್ಟೆ, ಸೊಂಟಕ್ಕೆ ಬೆಲ್ಟು. ಹಳೆಯ ಕಾಲದ ನೋಮ್‌ಗಳನ್ನು ಗಮನವಿಟ್ಟು ನೋಡಿ. ಎಷ್ಟೋ ಗೊಂಬೆಗಳ ಕೈಯಲ್ಲಿ ಲಾಂದ್ರ, ಹೆಗಲ ಮೇಲೆ ಪಿಕಾಸಿ. ಹಗಲಲ್ಲಿ ಗಿಡ ನೋಡಿಕೊಳ್ಳುವ ಮಾಲಿಗೆ ಲಾಂದ್ರ ಯಾಕೆ ಬೇಕು?

ಅವನ ಹುಟ್ಟೂರು ಗಣಿ. ಅದಕ್ಕೇ ಲಾಂದ್ರ.

ಜರ್ಮನಿ ಮತ್ತು ಚೆಕ್ ದೇಶದ ಗಡಿಯಲ್ಲಿ ಎರ್ಟ್ಸ್‌ಗೆಬಿರ್ಗೆ ಎಂಬ ಬೆಟ್ಟಸಾಲು ಇದೆ. 15 ಮತ್ತು 16ನೇ ಶತಮಾನಗಳಲ್ಲಿ ಅಲ್ಲಿ ಬೆಳ್ಳಿಗಾಗಿ ಸಾವಿರಾರು ಜನ ನೆಲ ಅಗೆಯುತ್ತಿದ್ದರು. ಮೇಲಿಂದ ಬೀಳುವ ಪುಡಿಗಲ್ಲು, ತೊಟ್ಟಿಕ್ಕುವ ನೀರು ಕುತ್ತಿಗೆಗೆ ಇಳಿಯದಿರಲಿ ಎಂದು ಮುಸುಕಿನಂಥ ಟೋಪಿ ಹಾಕುತ್ತಿದ್ದರು. ಬೆಟ್ಟದೊಳಗೆ ಪುಟ್ಟ ಜೀವಿಗಳಿವೆ ಎಂಬುದು ಅವರ ನಂಬಿಕೆ. ಅಲ್ಲಿನ ಯೊವಾಖಿಮ್‌ಸ್ಟಾಲ್ ಊರಲ್ಲಿ ವೈದ್ಯನಾಗಿದ್ದ ಗಿಯೋರ್ಗಿಯಸ್ ಅಗ್ರಿಕೋಲಾ 1549ರಲ್ಲಿ ಈ ಜೀವಿಗಳನ್ನು ವರ್ಣಿಸಿದ್ದಾನೆ: ಕುಳ್ಳಗಿನ ಮುದುಕರು, ಮೈಮೇಲೆ ಗಣಿಗಾರರದೇ ಉಡುಪು. ಸದಾ ಕೆಲಸದಲ್ಲಿ ಮುಳುಗಿದಂತೆ ಕಾಣುತ್ತಾರೆ, ನಿಜವಾಗಿ ಏನೂ ಮಾಡುವುದಿಲ್ಲವಂತೆ.

ಎಲ್ಲರೂ ಇಷ್ಟು ಸಾಧುಗಳಲ್ಲ. ಕೋಬೋಲ್ಡ್ ಎಂಬುವವನು ದುಷ್ಟ. ಕೆಲವು ಅದಿರು ನೋಡಲು ಬೆಳ್ಳಿಯ ಅದಿರಿನಂತೆಯೇ ಇರುತ್ತಿತ್ತು. ಕಷ್ಟಪಟ್ಟು ಹೊತ್ತು ತಂದು ಕುಲುಮೆಗೆ ಹಾಕಿದರೆ ಬೆಳ್ಳಿಯ ಸುಳಿವಿಲ್ಲ, ಬರೀ ವಿಷದ ಹೊಗೆ. ಬೆಳ್ಳಿ ಕದ್ದು ಈ ದರಿದ್ರ ಕಲ್ಲು ಇಟ್ಟುಹೋದವನು ಕೋಬೋಲ್ಡನೇ ಎಂದು ಜನ ಶಪಿಸುತ್ತಿದ್ದರು. ಆ ಅದಿರಿನಲ್ಲಿ ಆರ್ಸೆನಿಕ್ ಇತ್ತು. ಕಾಯಿಸಿದಾಗ ಅದು ಆಮ್ಲಜನಕದ ಜೊತೆ ಸೇರಿ ಆರ್ಸೆನಿಕ್ ಟ್ರೈಆಕ್ಸೈಡ್ ಆಗಿ ಹೊಗೆಯಲ್ಲಿ ಏಳುತ್ತಿತ್ತು. 1730ರ ದಶಕದಲ್ಲಿ ಸ್ವೀಡನ್ನಿನ ಗಿಯೋರ್ಗ್ ಬ್ರಾಂಟ್ ಅಂಥ ಅದಿರಿನಲ್ಲಿ ಹೊಸ ಲೋಹ ಇರುವುದನ್ನು ಕಂಡುಹಿಡಿದ. ಅದೇ ಕೋಬಾಲ್ಟ್. 1751ರಲ್ಲಿ ಅದೇ ದೇಶದ ಆಕ್ಸೆಲ್ ಕ್ರೋನ್‌ಸ್ಟೆಟ್, ತಾಮ್ರದ ಆಸೆ ತೋರಿಸಿ ಮೋಸ ಮಾಡುವ ಇನ್ನೊಂದು ಅದಿರಿನಿಂದ ನಿಕ್ಕಲ್ ತೆಗೆದ. ಅದಕ್ಕೂ ಗಣಿಯ ತುಂಟ ಭೂತದ ಹೆಸರೇ ಅಂಟಿಕೊಂಡಿತು. ಆವರ್ತ ಕೋಷ್ಟಕದ 27 ಮತ್ತು 28ನೇ ಮನೆಗಳಲ್ಲಿ ಈ ಇಬ್ಬರೂ ಅಕ್ಕಪಕ್ಕ ಇದ್ದಾರೆ.

ಈ ಕಥೆಯಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವವನು ಸ್ವಿಸ್ ವೈದ್ಯ ಪ್ಯಾರಾಸೆಲ್ಸಸ್. ಮಣ್ಣಿನ ಜೀವಿಗಳಿಗೆ ನೋಮ್ ಎಂಬ ಹೆಸರು ಬಂದದ್ದು ಇವನ ಬರಹದಿಂದ. ನಾವು ಗಾಳಿಯಲ್ಲಿ ಓಡಾಡುವಂತೆ ಅವು ಬಂಡೆಯೊಳಗೆ ಸಲೀಸಾಗಿ ಓಡಾಡುತ್ತವೆ ಎಂದು ಬರೆದ. ಇದೇ ಮನುಷ್ಯ ಗಣಿಗಾರರ ಶ್ವಾಸಕೋಶದ ಕಾಯಿಲೆಯ ಬಗ್ಗೆ ಒಂದು ಇಡೀ ಪುಸ್ತಕ ಬರೆದಿದ್ದಾನೆ. ಒಳಗಿನ ಕೆಟ್ಟ ಆವಿ ಉಸಿರಿಗೆ ಸೇರುವುದೇ ಕಾಯಿಲೆಗೆ ಕಾರಣ ಎಂದ. ಎರಡೂ ಪುಸ್ತಕ ಅಚ್ಚಾದದ್ದು ಅವನು ಸತ್ತು 20 ವರ್ಷಗಳ ಮೇಲೆ. ಕಾಯಿಲೆಯ ವಿಷಯದಲ್ಲಿ ಅವನ ಊಹೆ ಎಷ್ಟು ಸರಿಯಾಗಿತ್ತು ನೋಡಿ. 1879ರಲ್ಲಿ ಹಾರ್ಟಿಂಗ್ ಮತ್ತು ಹೆಸ್ಸೆ ಎಂಬ ವೈದ್ಯರು ಎರ್ಟ್ಸ್‌ಗೆಬಿರ್ಗೆಯ ಶ್ನೀಬರ್ಗ್ ಗಣಿಗಾರರ ಎದೆಯಲ್ಲಿ ಗಡ್ಡೆಗಳಿರುವುದನ್ನು ವರದಿ ಮಾಡಿದರು. ಅದು ಶ್ವಾಸಕೋಶದ ಕ್ಯಾನ್ಸರ್. ಬಂಡೆಯಲ್ಲಿರುವ ಯುರೇನಿಯಂನಿಂದ ಹುಟ್ಟುವ ರೇಡಾನ್ ಎಂಬ ವಿಕಿರಣಶೀಲ ಅನಿಲ ಅದಕ್ಕೆ ಮುಖ್ಯ ಕಾರಣ ಎಂದು ಗೊತ್ತಾದದ್ದು 20ನೇ ಶತಮಾನದಲ್ಲಿ. ಬಣ್ಣವಿಲ್ಲ, ವಾಸನೆಯಿಲ್ಲ. ಬೆಟ್ಟದೊಳಗೆ ಏನೋ ಇದೆ, ಅದು ಮನುಷ್ಯರನ್ನು ಕೊಲ್ಲುತ್ತದೆ ಎಂಬ ಆ ಜನರ ಭಯ ಸುಳ್ಳಾಗಿರಲಿಲ್ಲ.

ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಲ್ಲಿ ಇವರ ನೆಂಟರಿದ್ದರು, ನಾಕರ್‌ಗಳು. ಗೋಡೆಯಾಚೆ ಟಕ್ ಟಕ್ ಎಂದು ಬಡಿದು, ಸುರಂಗ ಕುಸಿಯುವ ಮುಂಚೆ ಎಚ್ಚರಿಸುತ್ತಾರೆ ಎಂಬ ನಂಬಿಕೆ ಇತ್ತು. ಗಣಿಗಾರರು ತಮ್ಮ ಊಟದಲ್ಲಿ ಒಂದು ತುಣುಕು ಅವರಿಗೆಂದು ಬಿಡುತ್ತಿದ್ದರು. ಬಂಡೆ ಒತ್ತಡಕ್ಕೆ ಸಿಕ್ಕಾಗ ಒಳಗೆ ಸಣ್ಣ ಸಣ್ಣ ಬಿರುಕು ಬಿಟ್ಟು ನಿಜವಾಗಿಯೂ ಸದ್ದು ಮಾಡುತ್ತದೆ. ನಮ್ಮ ಕೋಲಾರದ ಚಿನ್ನದ ಗಣಿಗೆ 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಕರೆತಂದವರಲ್ಲಿ ಈ ಕಾರ್ನ್‌ವಾಲ್ ಜನರೂ ಇದ್ದರು. ಮುಂದೆ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಹೋಯಿತು. ಅಲ್ಲಿ ಮೇಲಿನ ಬಂಡೆಯ ಭಾರ ವಾತಾವರಣದ ಒತ್ತಡದ 800 ಪಟ್ಟು ಮೀರುತ್ತದೆ. ಬಂಡೆ ಸಿಡಿದು ಆಳು ಸಾಯುವುದು ಕೆ.ಜಿ.ಎಫ್. ಮಂದಿಗೆ ಹೊಸದಾಗಿರಲಿಲ್ಲ. ಕೊನೆಕೊನೆಗೆ ಆ ಸಣ್ಣ ಸದ್ದುಗಳನ್ನು ಹಿಡಿಯಲು ಭೂಕಂಪ ಅಳೆಯುವಂಥ ಉಪಕರಣಗಳನ್ನೇ ಗಣಿಯಲ್ಲಿ ಅಳವಡಿಸಿದರು.

ಗಣಿಯವನು ತೋಟಕ್ಕೆ ಬಂದದ್ದು ಶ್ರೀಮಂತರ ಮೂಲಕ. 1847ರಲ್ಲಿ ಸರ್ ಚಾರ್ಲ್ಸ್ ಐಶಮ್ ಇಂಗ್ಲೆಂಡಿನ ಲ್ಯಾಂಪೋರ್ಟ್‌ನಲ್ಲಿರುವ ತನ್ನ ಬಂಗಲೆಯ ಪಕ್ಕ ದೊಡ್ಡ ಕಲ್ಲುಗುಡ್ಡ ಕಟ್ಟಿಸಲು ಶುರುಮಾಡಿದ. ಜರ್ಮನಿಯ ನ್ಯೂರೆಂಬರ್ಗಿನಿಂದ ಸುಟ್ಟ ಮಣ್ಣಿನ ಗೊಂಬೆಗಳನ್ನು ತರಿಸಿ ಅದರ ತುಂಬ ಜೋಡಿಸಿದ. ಅವನ ಗೊಂಬೆಗಳಿಗೆ ಪಿಕಾಸಿ ಇತ್ತು, ಕೈಗಾಡಿ ಇತ್ತು. ಕೆಲವು ಮುಷ್ಕರ ಹೂಡಿದ ಗಣಿಗಾರರು! ಗಣಿಯ ಆತ್ಮಗಳು ನಿಜವೆಂದೇ ಐಶಮ್ ನಂಬಿದ್ದ. ಅಲ್ಲಿ ಉಳಿದಿರುವುದು ಒಂದೇ ಗೊಂಬೆ, ಹೆಸರು ಲ್ಯಾಂಪಿ. ಅದಕ್ಕೆ 10 ಲಕ್ಷ ಪೌಂಡ್ ವಿಮೆ ಮಾಡಿಸಿದ್ದಾರೆ.

1870ರ ದಶಕದಿಂದ ಜರ್ಮನಿಯ ಗ್ರೆಫೆನ್‌ರೋಡಾ ಊರಿನ ಗ್ರೀಬೆಲ್, ಹೈಸ್ನರ್ ಕಾರ್ಖಾನೆಗಳು ಮಣ್ಣಿನ ಗೊಂಬೆ ಮಾಡತೊಡಗಿದವು. ಅಚ್ಚಿಗೆ ಮಣ್ಣು ಒತ್ತಿ, ಒಣಗಿಸಿ, ಸುಟ್ಟು, ಬಣ್ಣ ಬಳಿಯುವ ಕೆಲಸ. ನೋಮ್‌ಗಳು ಸಾಮಾನ್ಯರ ಅಂಗಳಕ್ಕೂ ಇಳಿದವು. ಆಮೇಲೆ ಸಿಮೆಂಟು, ಪ್ಲಾಸ್ಟಿಕ್ ಬಂದವು. ಪಿಕಾಸಿಯ ಜಾಗಕ್ಕೆ ಮೀನಿನ ಗಾಳ ಬಂತು, ಗಣಿಯ ನೆನಪು ಮಸುಕಾಯಿತು. ಲಂಡನ್ನಿನ ಚೆಲ್ಸಿ ಹೂವಿನ ಪ್ರದರ್ಶನದವರು ಈ ಗೊಂಬೆಗಳನ್ನು ಒಳಗೇ ಬಿಡುತ್ತಿರಲಿಲ್ಲ, ಗಿಡಗಳಿಂದ ಗಮನ ಬೇರೆಡೆ ಹೋಗುತ್ತದೆ ಎಂದು. ನನಗಂತೂ ಇದು ಅನ್ಯಾಯವೇ ಅನ್ನಿಸುತ್ತದೆ. 2013ರಲ್ಲಿ, ಪ್ರದರ್ಶನಕ್ಕೆ 100 ತುಂಬಿದ ನೆಪದಲ್ಲಿ, ಆ ಒಂದು ವರ್ಷದ ಮಟ್ಟಿಗೆ ಬಾಗಿಲು ತೆರೆದರು.