ವರ್ಜಿಲ್‌ನಲ್ಲಿ ಇಲ್ಲದ ಪ್ರಾಸ ಡ್ರೈಡನ್‌ಗೆ ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ಲ್ಯಾಟಿನ್ ಕವಿ ವರ್ಜಿಲ್‌ನ ಗೋಪಗೀತೆಗಳಲ್ಲಿ (ಎಕ್ಲಾಗ್ಸ್) ಅಂತ್ಯಪ್ರಾಸ ಇಲ್ಲ ಅಂತಾರೆ. ಆದರೆ ಇಂಗ್ಲಿಷ್ ಕವಿ ಡ್ರೈಡನ್‌ನ ಇಂಗ್ಲಿಷ್ ಅನುವಾದದಲ್ಲಿ ಪ್ರತಿ ಎರಡು ಸಾಲಿಗೂ ಪ್ರಾಸ ಇದೆ. ಇದು ಮೂಲಕ್ಕೆ ಮಾಡಿದ ಮೋಸ ಅಲ್ವಾ?

ಮೊದಲು ಮೂಲದ ಒಂದು ಸಾಲನ್ನು ಕಿವಿಗೆ ಹಾಕಿಕೊಳ್ಳಿ. ಮೊದಲ ಪದ್ಯ ಶುರುವಾಗೋದು ಹೀಗೆ:

ತೀತಿರೆ | ತೂ ಪತು | ಲೈ ರೆಕು | ಬಾನ್ಸ್ ಸುಬ್ | ತೆಗ್ಮಿನೆ | ಫಾಗೀ

ಶಾಲೆಯಲ್ಲಿ ಕಲಿತ ಪ್ರಸ್ತಾರ ಹಾಕಿ ನೋಡಿ. ಆರು ಗಣ, ಒಂದೊಂದಕ್ಕೂ ನಾಲ್ಕು ಮಾತ್ರೆ. ನಮ್ಮ ಕಂದಪದ್ಯದ ಗಣವೂ ನಾಲ್ಕು ಮಾತ್ರೆಯದೇ. ಲ್ಯಾಟಿನ್ ಛಂದಸ್ಸು ನಿಂತಿರೋದು ಗುರು-ಲಘು ಲೆಕ್ಕದ ಮೇಲೆ. ಪದ್ಯ ಅನ್ನಿಸೋಕೆ ಅಷ್ಟೇ ಸಾಕು, ಪ್ರಾಸ ಬೇಕಿಲ್ಲ.

ಇಂಗ್ಲಿಷ್ ಕಿವಿಗೆ ಗುರು-ಲಘು ಲೆಕ್ಕ ಹತ್ತೋದಿಲ್ಲ. ಅದು ಕೇಳೋದು ಒತ್ತು, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಉಚ್ಚರಿಸುತ್ತಾರೆ ಅನ್ನೋದು. ಹಾಗಾಗಿ ಅನುವಾದಕ ಬೇರೆ ಯಾವುದಾದರೂ ಕಟ್ಟು ಹುಡುಕಬೇಕು. 1697ರಲ್ಲಿ ಡ್ರೈಡನ್ ವರ್ಜಿಲ್‌ನ ಪೂರ್ತಿ ಅನುವಾದ ಪ್ರಕಟಿಸಿದಾಗ ಹತ್ತು ಅಕ್ಷರದ ಪ್ರಾಸದ ಜೋಡಿಸಾಲೇ ಅಲ್ಲಿನ ಚಲಾವಣೆಯ ನಾಣ್ಯ. ವರ್ಜಿಲ್ ಈಗ ಇಂಗ್ಲೆಂಡಿನಲ್ಲಿ ಹುಟ್ಟಿದ್ದರೆ ಎಂಥ ಇಂಗ್ಲಿಷ್ ಆಡುತ್ತಿದ್ದನೋ ಅದನ್ನೇ ಆಡಿಸಲು ನೋಡಿದೆ ಅಂತ ಅವನೇ ಹೇಳಿಕೊಂಡಿದ್ದಾನೆ. ಹಾಗಂತ ಪ್ರಾಸ ಬಿಟ್ಟರೆ ದಾರಿಯೇ ಇರಲಿಲ್ಲ ಅಂತಲ್ಲ. 1668ರಲ್ಲೇ ಇಂಗ್ಲಿಷ್ ಕವಿ ಮಿಲ್ಟನ್, ಹೋಮರ್-ವರ್ಜಿಲ್‌ಗೆ ಬೇಡದ ಪ್ರಾಸ ತನಗೂ ಬೇಡ, ಅದು ಅನಾಗರಿಕ ಕಾಲದ ಹುಟ್ಟುವಳಿ ಅಂತ ಬೈದಿದ್ದ.

ಈಗ ಮೋಸದ ಮಾತು. ಕ್ರಿ.ಪೂ. 42ರ ಯುದ್ಧದ ನಂತರ ಇಟಲಿಯಲ್ಲಿ ರೈತರ ಜಮೀನು ಕಿತ್ತು ಸೈನಿಕರಿಗೆ ಹಂಚಿದರು. ಮೊದಲ ಪದ್ಯದ ಮೆಲಿಬಿಯಸ್ ಹಾಗೆ ಹೊಲ ಕಳೆದುಕೊಂಡವನು. ಮರದಡಿ ಕೊಳಲೂದುತ್ತಾ ಒರಗಿರುವ ತೀತಿರಸ್‌ಗೆ ಅವನು ಹೇಳೋದು: ನೀನು ಇಲ್ಲಿ ಆರಾಮಾಗಿದ್ದೀಯ, ನಾವು ನಾಡಿನ ಗಡಿ ಬಿಡುತ್ತಿದ್ದೇವೆ, ನಾವು ನಾಡು ಬಿಟ್ಟು ಓಡುತ್ತಿದ್ದೇವೆ. 'ನಾವು', 'ನಾಡು' ಎರಡೆರಡು ಸಲ ಬರುತ್ತವೆ, ಎದೆ ಬಡಿದುಕೊಂಡ ಹಾಗೆ. ಡ್ರೈಡನ್ ಈ ಪುನರಾವರ್ತನೆ ಬಿಟ್ಟ. ಮೂಲದಲ್ಲಿಲ್ಲದ 'ವಿಶಾಲ ಜಗತ್ತಿನ ಸುತ್ತ' ಅನ್ನೋ ಮಾತು ತಂದ. ಸಾಲು ತುಂಬಿಸೋ ಕೆಲಸ, ನಿಜ. ಆದರೆ ಅಲ್ಲಿನ ಪ್ರಾಸ ನೋಡಿ: ಒಂದು ಸಾಲಿನ ಕೊನೆಗೆ 'ರೋಮ್', ಅಂದರೆ ಅಲೆಯೋದು. ಮುಂದಿನ ಸಾಲಿನ ಕೊನೆಗೆ 'ಹೋಮ್', ಮನೆ. ಎರಡು 'ನಾವು' ಮಾಡಿದ ಕೆಲಸವನ್ನು ಈ ಜೋಡಿ ಬೇರೆ ದಾರಿಯಲ್ಲಿ ಮಾಡುತ್ತದೆ. ಇದನ್ನು ಮೋಸ ಅನ್ನೋಕೆ ನನಗೆ ಮನಸ್ಸಿಲ್ಲ.

ನನ್ನ ತಕರಾರು ಬೇರೆ. ಲ್ಯಾಟಿನ್‌ನಲ್ಲಿ ಮೊದಲ ಪದವೇ 'ತೀತಿರೆ', ಹೆಸರು ಹಿಡಿದು ಕೂಗಿದ್ದು. ಡ್ರೈಡನ್ ನೆರಳಿನಿಂದ ಶುರುಮಾಡಿ ಹೆಸರನ್ನು ಎರಡನೇ ಸಾಲಿಗೆ ತಳ್ಳಿದ. ಆ ಕೂಗೇ ಹೋಯ್ತು.

ಪ್ರಾಸ ಬೇಡ ಅನ್ನೋರಿಗೆ ಡೇವಿಡ್ ಫೆರ್ರಿಯ 1999ರ ಅನುವಾದ ಇದೆ, ಸರಳ ರಗಳೆಯ ಹಾಗೆ ಹರಿಯುತ್ತದೆ.

ಆದರೂ ಒಂದು ಚಮತ್ಕಾರ ಯಾರಿಗೂ ದಕ್ಕೋದು ಕಷ್ಟ. ಮೇಲಿನ ಸಾಲಿನಲ್ಲಿ 'ಪತುಲೈ' ಅಂದರೆ ಹರಡಿದ, 'ಫಾಗೀ' ಅಂದರೆ ಬೀಚ್ ಮರದ. ಎರಡಕ್ಕೂ ಷಷ್ಠಿ ವಿಭಕ್ತಿ ಇರೋದರಿಂದ ದೂರ ಇಟ್ಟರೂ ಅವು ಒಂದಕ್ಕೊಂದು ಸೇರುತ್ತವೆ. ನಡುವೆ 'ರೆಕುಬಾನ್ಸ್', ಒರಗಿದವನು. ಅಂದರೆ ಮರದ ಎರಡು ಪದಗಳ ನಡುವೆಯೇ ತೀತಿರಸ್ ಒರಗಿದ್ದಾನೆ! ಸಂಸ್ಕೃತದಲ್ಲಾದರೆ ಇದನ್ನು ಮಾಡಬಹುದು. ಕನ್ನಡದ ವಿಶೇಷಣಕ್ಕೆ ವಿಭಕ್ತಿ ಅಂಟೋದಿಲ್ಲ, ಇಂಗ್ಲಿಷಿಗೂ ಅಷ್ಟೇ.