ಮೂರೂವರೆ ಮಿಲಿಸೆಕೆಂಡಿನ ಮುನಿಸು

ಒದ್ದೆ ಕಲ್ಲುಗಳ ಕಡಿದಾದ ಏರು. ಡರ್ಟ್ ಬೈಕ್ ನಡಿಗೆಯ ವೇಗದಲ್ಲಿ ಹತ್ತುತ್ತಿದೆ. ಎದುರಿಗೊಂದು ಮರದ ಬೇರು, ಅದರ ಹಿಂದೆಯೇ ಮೊಣಕಾಲೆತ್ತರದ ಬಂಡೆ. ಸವಾರ ಥ್ರಾಟಲ್ ತಿರುಗಿಸುತ್ತಾನೆ. ಎಂಜಿನ್ ಗಂಟಲು ಕಟ್ಟಿದವರಂತೆ ಗೊರಗೊರ ಎನ್ನುತ್ತದೆಯೇ ಹೊರತು ಎಳೆಯುವುದಿಲ್ಲ. ಇನ್ನಷ್ಟು ತಿರುಗಿಸಿದರೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಕಿರುಚಿಕೊಂಡು ತನ್ನಲ್ಲಿರುವ ಶಕ್ತಿಯನ್ನೆಲ್ಲ ಒಟ್ಟಿಗೇ ಸುರಿದುಬಿಡುತ್ತದೆ. ಹಿಂದಿನ ಚಕ್ರ ಬೇರಿನ ಮೇಲೆ ಗಿರ್ರನೆ ಸುತ್ತಿ ಪಕ್ಕಕ್ಕೆ ಜಾರುತ್ತದೆ. ಗಾಡಿ ಒಂದು ಕಡೆ, ಸವಾರ ಇನ್ನೊಂದು ಕಡೆ.

ಮೋಟೊಕ್ರಾಸ್ ಪಂದ್ಯಕ್ಕೆಂದೇ ಮಾಡಿದ 250 ಸಿಸಿ ಟೂ-ಸ್ಟ್ರೋಕ್ ಗಾಡಿಯನ್ನು ಕಾಡುದಾರಿಗೆ ತಂದವರೆಲ್ಲ ಈ ಮುನಿಸನ್ನು ಬಲ್ಲರು. ಅವರು ಕೇಳುವುದು ಹೆಚ್ಚು ವೇಗವನ್ನಲ್ಲ, ಕಡಿಮೆ ಆರ್‌ಪಿಎಂನಲ್ಲೂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತುಗಳ ಲೆಕ್ಕ) ಚಕ್ರವನ್ನು ಗಟ್ಟಿಯಾಗಿ ತಿರುಗಿಸುವ ಎಳೆತವನ್ನು, ಅಂದರೆ ಲೋ-ಎಂಡ್ ಟಾರ್ಕ್ ಅನ್ನು. ಟಾರ್ಕ್ ಎಂದರೆ ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ದಂಡವನ್ನು, ಅಂದರೆ ಕ್ರ್ಯಾಂಕ್ ಅನ್ನು, ತಿರುಚುವ ಬಲ. ಆ ಬಲವನ್ನು ತಿರುಗುವ ವೇಗದಿಂದ ಗುಣಿಸಿದರೆ ಸಿಗುವುದು ಪವರ್. 8500 ಆರ್‌ಪಿಎಂನಲ್ಲಿ 40 ನ್ಯೂಟನ್ ಮೀಟರ್ ಟಾರ್ಕ್ ಇದ್ದರೆ ಸುಮಾರು 48 ಅಶ್ವಶಕ್ತಿ. ಅದೇ 40 ನ್ಯೂಟನ್ ಮೀಟರನ್ನು 4000 ಆರ್‌ಪಿಎಂನಲ್ಲೂ ಉಳಿಸಿಕೊಂಡರೆ 22 ಅಶ್ವಶಕ್ತಿ ಸಿಗಬೇಕು. ಬಂಡೆ ಹತ್ತಲು ಅಷ್ಟು ಧಾರಾಳ ಸಾಕು. ತೊಂದರೆ ಏನೆಂದರೆ ಅದು ಉಳಿಯುವುದಿಲ್ಲ. ಕೆಳಗಿನ ಆರ್‌ಪಿಎಂಗಳಲ್ಲಿ ಟಾರ್ಕ್ ಕುಸಿದುಬೀಳುತ್ತದೆ. ಯಾಕೆ ಎಂದು ತಿಳಿಯಲು ಎಂಜಿನ್‌ಗಿಂತ ಮೊದಲು ಅದರ ಹೊಟ್ಟೆಯುಬ್ಬಿದ ಎಕ್ಸಾಸ್ಟ್ ಪೈಪನ್ನು ನೋಡಬೇಕು.

ಟೂ-ಸ್ಟ್ರೋಕ್‌ನಲ್ಲಿ ಫೋರ್-ಸ್ಟ್ರೋಕ್‌ನ ಹಾಗೆ ಹೆಡ್‌ನಲ್ಲಿ, ಅಂದರೆ ಸಿಲಿಂಡರಿನ ಮೇಲಿನ ಮುಚ್ಚಳದಲ್ಲಿ, ವಾಲ್ವ್‌ಗಳಿಲ್ಲ. ಸಿಲಿಂಡರ್ ಗೋಡೆಯಲ್ಲಿ ಕಿಟಕಿಗಳಿವೆ, ಪಿಸ್ಟನ್ನೇ ಅವುಗಳ ಬಾಗಿಲು. ಪಿಸ್ಟನ್ ಕೆಳಗಿಳಿಯುತ್ತ ಮೊದಲು ಎಕ್ಸಾಸ್ಟ್ ಪೋರ್ಟ್ ತೆರೆಯುತ್ತದೆ, ಸುಟ್ಟ ಹೊಗೆ ಹೊರನುಗ್ಗುತ್ತದೆ. ಇನ್ನೂ ಇಳಿದಾಗ ಟ್ರಾನ್ಸ್‌ಫರ್ ಪೋರ್ಟ್‌ಗಳು ತೆರೆದು, ಪಿಸ್ಟನ್ನಿನ ಕೆಳಗೆ ಕ್ರ್ಯಾಂಕ್ ಇರುವ ಕೋಣೆಯಲ್ಲಿ (ಕ್ರ್ಯಾಂಕ್‌ಕೇಸ್) ಒತ್ತಿ ಇಟ್ಟಿದ್ದ ಪೆಟ್ರೋಲ್-ಗಾಳಿಯ ಹೊಸ ಮಿಶ್ರಣ ಒಳಬರುತ್ತದೆ. ಎರಡೂ ಬಾಗಿಲು ಒಟ್ಟಿಗೆ ತೆರೆದಿರುವ ಹೊತ್ತು ಅದು. ಒಳಬಂದ ಹೊಸ ಮಿಶ್ರಣ ಹಾಗೇ ಎಕ್ಸಾಸ್ಟ್‌ನಿಂದ ಹೊರಹೋಗದಂತೆ ತಡೆಯುವವರು ಯಾರು? ಲೋಹದ ಭಾಗ ಯಾವುದೂ ಅಲ್ಲ, ಪೈಪಿನೊಳಗೆ ಓಡಾಡುವ ಒತ್ತಡದ ಅಲೆ.

ಪೋರ್ಟ್ ತೆರೆದ ಕೂಡಲೇ ಒತ್ತಡದ ಒಂದು ಹೊಡೆತ ಶಬ್ದದ ವೇಗದಲ್ಲಿ ಪೈಪಿನೊಳಗೆ ಓಡುತ್ತದೆ. ಪೈಪ್ ಅಗಲವಾಗುತ್ತ ಹೋಗುವ ಕಡೆ ಅದರಿಂದ ಹೀರುವ ಅಲೆಯೊಂದು ಹಿಂದಿರುಗಿ ಬಂದು ಸಿಲಿಂಡರ್‌ನಲ್ಲಿ ಉಳಿದ ಹೊಗೆಯನ್ನು ಸೆಳೆಯುತ್ತದೆ. ಅದರ ಜೊತೆ ಸ್ವಲ್ಪ ಹೊಸ ಮಿಶ್ರಣವೂ ಪೈಪಿನ ಕುತ್ತಿಗೆಗೆ ಬರುತ್ತದೆ. ಪೈಪ್ ಮತ್ತೆ ಕಿರಿದಾಗುವ ಕಡೆ ಈ ಸಲ ಒತ್ತುವ ಅಲೆ ಹಿಂದಿರುಗುತ್ತದೆ. ಪೋರ್ಟ್ ಮುಚ್ಚುವ ಹೊತ್ತಿಗೆ ಸರಿಯಾಗಿ ಬಂದರೆ ಅದು ತಪ್ಪಿಸಿಕೊಂಡ ಮಿಶ್ರಣವನ್ನು ಮತ್ತೆ ಸಿಲಿಂಡರ್‌ಗೆ ತಳ್ಳಿಬಿಡುತ್ತದೆ. ಎಂಜಿನ್‌ಗೆ ಹೆಚ್ಚು ಗಾಳಿ ಒತ್ತಿ ತುಂಬುವ, ಆದರೆ ಒಂದೇ ಒಂದು ಚಲಿಸುವ ಭಾಗವಿಲ್ಲದ ಸೂಪರ್‌ಚಾರ್ಜರ್! ಪೂರ್ವ ಜರ್ಮನಿಯ ಎಂಜೆಡ್ ಕಂಪನಿಯ ವಾಲ್ಟರ್ ಕಾಡೆನ್ ಇದನ್ನು 1950ರ ದಶಕದಲ್ಲಿ ಪಳಗಿಸಿದರು. 1961ರಲ್ಲಿ ಅವರ 125 ಸಿಸಿ ಎಂಜಿನ್ 25 ಅಶ್ವಶಕ್ತಿ, ಅಂದರೆ ಲೀಟರಿಗೆ 200ರ ಲೆಕ್ಕದಲ್ಲಿ ಕೊಡುತ್ತಿತ್ತು. ಅದೇ ವರ್ಷ ಅವರ ರೈಡರ್ ಅರ್ನ್‌ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋಗಿ ಸುಜುಕಿ ಸೇರಿದರು. ಮರುವರ್ಷ ಸುಜುಕಿಗೆ 50 ಸಿಸಿ ವಿಶ್ವ ಚಾಂಪಿಯನ್ ಪಟ್ಟ. ವಿದ್ಯೆ ಯಾವ ದಾರಿಯಲ್ಲಿ ಜಪಾನ್ ತಲುಪಿತು ಎಂದು ಬಿಡಿಸಿ ಹೇಳಬೇಕಿಲ್ಲ.

ಈಗ ಲೆಕ್ಕಕ್ಕೆ ಬರೋಣ. 9000 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಒಂದು ಸುತ್ತು ಮುಗಿಸಲು 6.7 ಮಿಲಿಸೆಕೆಂಡ್ ಬೇಕು. 360 ಡಿಗ್ರಿಯ ಆ ಸುತ್ತಿನಲ್ಲಿ ಎಕ್ಸಾಸ್ಟ್ ಪೋರ್ಟ್ 190 ಡಿಗ್ರಿ ತೆರೆದಿರುತ್ತದೆ ಎಂದುಕೊಳ್ಳಿ, ಅಂದರೆ 3.5 ಮಿಲಿಸೆಕೆಂಡ್. ಬಿಸಿ ಹೊಗೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಮೂರೂವರೆ ಮಿಲಿಸೆಕೆಂಡಿನಲ್ಲಿ ಅಲೆ ಓಡುವ ದೂರ 1.75 ಮೀಟರ್; ಹೋಗಿ ಬರಬೇಕಾದ್ದರಿಂದ ಅದರ ಅರ್ಧ, 88 ಸೆಂಟಿಮೀಟರ್ ದೂರದಲ್ಲಿ ಪೈಪ್ ಅದನ್ನು ಹಿಂದಿರುಗಿಸಬೇಕು. ಇದೇ ಪೈಪಿನೊಂದಿಗೆ 4500 ಆರ್‌ಪಿಎಂಗೆ ಇಳಿಯಿರಿ. ಪೋರ್ಟ್ ಈಗ 7 ಮಿಲಿಸೆಕೆಂಡ್ ತೆರೆದಿರುತ್ತದೆ. ಅಲೆ ಮಾತ್ರ ಹಳೆಯ ಅಭ್ಯಾಸದಂತೆ ಮೂರೂವರೆ ಮಿಲಿಸೆಕೆಂಡಿಗೇ ವಾಪಸ್! ಪಿಸ್ಟನ್ ಆಗ ತೀರಾ ಕೆಳಗಿದೆ, ಪೋರ್ಟ್‌ಗಳೆಲ್ಲ ಬಾಯಿ ತೆರೆದಿವೆ, ಹೊಸ ಮಿಶ್ರಣ ಒಳಬರುತ್ತಿದೆ. ಅದರ ಮುಖಕ್ಕೇ ಅಲೆ ಬಂದು ಬಡಿಯುತ್ತದೆ. ಮಿಕ್ಕ ಮೂರೂವರೆ ಮಿಲಿಸೆಕೆಂಡ್ ಪೋರ್ಟ್ ಅನ್ನು ಕಾಯುವವರೇ ಇಲ್ಲ. ಏರಿನಲ್ಲಿ ಕೇಳಿದ ಆ ಗೊರಗೊರ ಸದ್ದು ಇದೇ. ಎಂಜಿನ್‌ಗೆ ಶಕ್ತಿ ಇಲ್ಲವೆಂದಲ್ಲ, ನೆರವಿಗೆ ಬರಬೇಕಾದ ಅಲೆ ಹೊತ್ತು ತಪ್ಪಿ ಬಂದಿದೆ.

4500ಕ್ಕೆ ಹೊಂದುವ ಪೈಪ್ ಬೇಕೆಂದರೆ ಉದ್ದ ಎರಡರಷ್ಟಾಗಬೇಕು. ಡರ್ಟ್ ಬೈಕಿನಲ್ಲಿ ಅದನ್ನು ಎಲ್ಲಿ ಸುತ್ತುತ್ತೀರಿ? ಹಾಗಾಗಿ ಕೆಳ-ಆರ್‌ಪಿಎಂ ಪೈಪ್ ಎಂದು ಮಾರುವುದೆಲ್ಲ ರಾಜಿಯ ಸರಕು: ಉದ್ದ ಸ್ವಲ್ಪ ಹೆಚ್ಚು, ಪೈಪ್ ಅಗಲವಾಗುವ, ಕಿರಿದಾಗುವ ಶಂಕುಗಳ ಇಳಿಜಾರು ಸ್ವಲ್ಪ ಕಡಿಮೆ. ಅಲೆಯ ಬಲ ಕುಗ್ಗಿದರೂ ಹೆಚ್ಚು ಹೊತ್ತು ಹರಡಿಕೊಂಡು ಬರುತ್ತದೆ. ಇನ್ನೊಂದು ದಾರಿ ಅಲೆಯನ್ನೇ ನಿಧಾನ ಮಾಡುವುದು. ಹೊಗೆ ತಣ್ಣಗಾದರೆ ಶಬ್ದದ ವೇಗ ಇಳಿಯುತ್ತದೆ. ಟೂ-ಸ್ಟ್ರೋಕ್ ಜೆಟ್ ಸ್ಕೀಗಳಲ್ಲಿ ಕೆಲವು ಕಡಿಮೆ ಆರ್‌ಪಿಎಂನಲ್ಲಿ ಪೈಪಿನೊಳಗೇ ನೀರು ಚಿಮುಕಿಸುತ್ತಿದ್ದುದು ಇದಕ್ಕೇ. ಸುತ್ತಲೂ ನೀರಿರುವ ಗಾಡಿಗೆ ಸರಿ, ನಮ್ಮ ಗಾಡಿಗೆ ಆಗುವ ಮಾತಲ್ಲ.

ಕಾರ್ಖಾನೆಗಳು ಕಂಡುಕೊಂಡ ಉತ್ತರ ಪವರ್ ವಾಲ್ವ್. 1970ರ ದಶಕದ ಕೊನೆಯಲ್ಲಿ ಯಮಾಹಾ ತನ್ನ ರೇಸ್ ಬೈಕ್‌ಗಳಲ್ಲಿ ಎಕ್ಸಾಸ್ಟ್ ಪೋರ್ಟಿನ ಮೇಲಂಚನ್ನು ಏರಿಸಿ ಇಳಿಸುವ ಪುಟ್ಟ ಉರುಳೆ ತಂದಿತು. ಕಡಿಮೆ ಆರ್‌ಪಿಎಂನಲ್ಲಿ ಅಂಚು ಕೆಳಗಿರುತ್ತದೆ, ಕಿಟಕಿ ತಡವಾಗಿ ತೆರೆದು ಬೇಗ ಮುಚ್ಚುತ್ತದೆ. ಹೋಂಡಾ 1980ರ ದಶಕದಲ್ಲಿ ಪೋರ್ಟ್ ಅನ್ನು ಮುಟ್ಟದೆ ಪೈಪಿನ ಕುತ್ತಿಗೆಗೆ ಒಂದು ಚಿಕ್ಕ ಕೋಣೆ ಜೋಡಿಸಿ, ಕೆಳಗಿನ ಆರ್‌ಪಿಎಂನಲ್ಲಿ ಮಾತ್ರ ಅದನ್ನು ತೆರೆಯಿತು. ಪೈಪ್ ದೊಡ್ಡದಾದಂತೆ ಅಲೆಗೆ ಅನ್ನಿಸಬೇಕು, ಅಷ್ಟೆ. ನಿಮ್ಮ ಗಾಡಿಯಲ್ಲಿ ಪವರ್ ವಾಲ್ವ್ ಇದ್ದರೆ ಮೊದಲು ಅದನ್ನು ಬಿಚ್ಚಿ ನೋಡಿ. ಎಣ್ಣೆಯ ಮಸಿ ಕಟ್ಟಿ ಅದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೆ ಬೇರೆ ಯಾವ ಮಾರ್ಪಾಡೂ ಬೇಕಿಲ್ಲ, ಸೀಮೆಎಣ್ಣೆ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಹಾಗೆಯೇ ರೀಡ್ ವಾಲ್ವಿನ, ಅಂದರೆ ಮಿಶ್ರಣವನ್ನು ಕ್ರ್ಯಾಂಕ್‌ಕೇಸ್‌ಗೆ ಒಳಬಿಟ್ಟು ಹಿಂದೆ ಬಿಡದ ತೆಳು ಎಸಳುಗಳ ಬಾಗಿಲಿನ, ಪಂಜರವನ್ನು ಬೆಳಕಿಗೆ ಹಿಡಿಯಿರಿ. ಎಸಳುಗಳ ಅಂಚಿನಲ್ಲಿ ಬೆಳಕಿನ ದಪ್ಪ ಗೆರೆ ಕಂಡರೆ, ತುದಿ ಚಕ್ಕೆ ಎದ್ದಿದ್ದರೆ, ಕ್ರ್ಯಾಂಕ್‌ಕೇಸ್‌ಗೆ ಹೋದ ಮಿಶ್ರಣ ಅಲ್ಲಿಂದಲೇ ಹಿಂದೆ ಸೋರುತ್ತಿದೆ. ಹಳೆಯ ಗಾಡಿಗಳಲ್ಲಿ ಕಳೆದುಹೋದ ಟಾರ್ಕ್ ಬಹುಪಾಲು ಇಂಥ ಸೋರಿಕೆಯಲ್ಲೇ ಇರುತ್ತದೆ ಎಂಬುದು ನನ್ನ ಅನಿಸಿಕೆ. ಕ್ರ್ಯಾಂಕ್ ಸೀಲ್, ಪಿಸ್ಟನ್ ರಿಂಗ್ ಎರಡಕ್ಕೂ ಇದೇ ಮಾತು.

ಎಲ್ಲ ಸರಿಯಿದ್ದೂ ಎಳೆತ ಸಾಲದಿದ್ದರೆ ಆಗ ಲೋಹಕ್ಕೆ ಕೈ ಹಾಕಬಹುದು. ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಕೈಗೆ ಗ್ರೈಂಡರ್ ಸಿಕ್ಕಿತೆಂದು ಎಕ್ಸಾಸ್ಟ್ ಪೋರ್ಟನ್ನು ಮೇಲಕ್ಕೆ ಅಗಲಿಸುತ್ತಾರೆ. ಪೋರ್ಟ್ ಎತ್ತರವಾದಷ್ಟೂ ಅದು ತೆರೆದಿರುವ ಅವಧಿ ಹಿಗ್ಗುತ್ತದೆ, ಪವರ್ ಇನ್ನೂ ಮೇಲಿನ ಆರ್‌ಪಿಎಂಗೆ ಓಡುತ್ತದೆ. ನಮಗೆ ಬೇಕಾದದ್ದು ತದ್ವಿರುದ್ಧ, ಪೋರ್ಟ್ ಇಳಿಯಬೇಕು. ಕೆತ್ತಿ ತೆಗೆದ ಲೋಹ ಮತ್ತೆ ಬರುವುದಿಲ್ಲವಾದ್ದರಿಂದ ಇರುವ ಉಪಾಯ ಇಡೀ ಸಿಲಿಂಡರನ್ನೇ ತಗ್ಗಿಸುವುದು: ಬುಡದ ಗ್ಯಾಸ್ಕೆಟ್ ತೆಳುವಾದದ್ದು ಹಾಕಿ, ಅಥವಾ ಬುಡವನ್ನೇ ಲೇತ್‌ಗೆ ಕೊಟ್ಟು.

ಅರ್ಧ ಮಿಲಿಮೀಟರ್ ಎಂದರೆ ನಗು ಬರುವಷ್ಟು ಕಡಿಮೆ. ಆದರೆ 66.4 ಮಿಮೀ ಬೋರ್ (ಸಿಲಿಂಡರಿನ ಅಡ್ಡಳತೆ), 72 ಮಿಮೀ ಸ್ಟ್ರೋಕ್‌ನ (ಪಿಸ್ಟನ್ ಓಡುವ ದೂರ) 250 ಸಿಸಿ ಎಂಜಿನ್‌ನಲ್ಲಿ ಅಷ್ಟು ತಗ್ಗಿಸಿದರೆ ಎಕ್ಸಾಸ್ಟ್ ಅವಧಿ ಸುಮಾರು ಒಂದೂವರೆ ಡಿಗ್ರಿ ಕುಗ್ಗುತ್ತದೆ. ಜೊತೆಗೆ ಹೆಡ್ ಕೆಳಗಿನ ಜಾಗದಲ್ಲಿ 1.7 ಸಿಸಿ ಮಾಯ. ಅಲ್ಲಿ ಮೊದಲು 21 ಸಿಸಿ ಇತ್ತೆಂದರೆ ಮಿಶ್ರಣ ಎಷ್ಟು ಪಟ್ಟು ಒತ್ತಲ್ಪಡುತ್ತದೆ ಎಂಬ ಲೆಕ್ಕ, ಅಂದರೆ ಕಂಪ್ರೆಶನ್ ಅನುಪಾತ, 12.9ರಿಂದ 13.9ಕ್ಕೆ ಏರಿತು. ಬೇರು ದಾಟುವಾಗ ಕೈಗೆ ತಿಳಿಯುವುದು ಮುಖ್ಯವಾಗಿ ಈ ಎರಡನೆಯದು.

ಇದನ್ನು ಕುರುಡಾಗಿ ಮಾಡುವಂತಿಲ್ಲ. ಪಿಸ್ಟನ್ ಮೇಲೆ ಬಂದಾಗ ಅದರ ಅಂಚಿಗೂ ಹೆಡ್‌ಗೂ ನಡುವೆ ಉಳಿಯುವ ಸಂದು, ಅಂದರೆ ಸ್ಕ್ವಿಶ್, ಅದೇ ಅರ್ಧ ಮಿಲಿಮೀಟರ್ ಕಡಿಮೆಯಾಗಿರುತ್ತದೆ. ಅಳೆಯುವ ಕ್ರಮ ಸರಳ: ಮೆತ್ತನೆಯ ಬೆಸುಗೆ ತಂತಿಯೊಂದನ್ನು ಸ್ಪಾರ್ಕ್ ಪ್ಲಗ್ ತೂತಿನಿಂದ ಇಳಿಸಿ, ತುದಿ ಸಿಲಿಂಡರ್ ಗೋಡೆಗೆ ತಾಗುವಂತೆ ಪಿಸ್ಟನ್ ಪಿನ್ನಿನ ನೇರಕ್ಕೆ ಹಿಡಿದು, ಕ್ರ್ಯಾಂಕನ್ನು ಕೈಯಲ್ಲಿ ಮೆಲ್ಲಗೆ ಒಂದು ಸುತ್ತು ತಿರುಗಿಸಬೇಕು. ಪಿನ್ನಿಗೆ ಅಡ್ಡಲಾಗಿ ಹಿಡಿದರೆ ಪಿಸ್ಟನ್ ಓಲಿ ಸುಳ್ಳು ಅಳತೆ ಕೊಡುತ್ತದೆ. ತಂತಿ ಹೊರಬಂದಾಗ ತುದಿ ಚಪ್ಪಟೆಯಾಗಿರುತ್ತದೆ, ವರ್ನಿಯರ್‌ನಲ್ಲಿ ಅದರ ದಪ್ಪವೇ ನಿಮ್ಮ ಸ್ಕ್ವಿಶ್. ಮೊದಲು 1.5 ಮಿಮೀ ಇದ್ದು ಈಗ 1 ಮಿಮೀ ಆಗಿದ್ದರೆ ಚಿನ್ನದಂಥ ಅಳತೆ: ಬಿಗಿಯಾದ ಸಂದು ಮಿಶ್ರಣವನ್ನು ನಡುವಿಗೆ ಚಿಮ್ಮಿ ಬೇಗ ಉರಿಯುವಂತೆ ಮಾಡುತ್ತದೆ. ಅದಕ್ಕಿಂತ ತೀರಾ ಕೆಳಗಿಳಿದರೆ ಪೂರ್ಣ ವೇಗದಲ್ಲಿ ಪಿಸ್ಟನ್ ಹೆಡ್‌ಗೆ ಬಡಿಯುವ ಭಯ. ಆಗ ಹೆಡ್ಡನ್ನೂ ಕೆತ್ತಿಸಲೇಬೇಕು. ಕಂಪ್ರೆಶನ್ ಏರಿದ ಎಂಜಿನ್ ಕಡಿಮೆ ಆಕ್ಟೇನ್ ಪೆಟ್ರೋಲನ್ನು ಸಹಿಸುವುದಿಲ್ಲ ಎಂಬುದೂ ನೆನಪಿರಲಿ. ಟಕಟಕ ಎಂಬ ಲೋಹದ ಸದ್ದು ಕೇಳಿಸಿತೋ, ಪಿಸ್ಟನ್ ಕರಗುವ ದಿನ ದೂರವಿಲ್ಲ.

ರೀಡ್ ಎಸಳು, ಕಾರ್ಬ್ಯುರೇಟರ್ ಇವುಗಳದ್ದು ಕೈತುದಿಯ ಕೆಲಸ. ತೆಳು ಎಸಳು ಸಣ್ಣ ಸೆಳೆತಕ್ಕೂ ಬಾಗಿ ಬೇಗ ತೆರೆಯುತ್ತದೆ, ಆದರೆ ಮೇಲಿನ ಆರ್‌ಪಿಎಂನಲ್ಲಿ ಪಟಪಟ ಅದುರುತ್ತದೆ. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ಪ್ರಮಾಣ ನಿರ್ಧರಿಸುವ ಪೈಲಟ್ ಜೆಟ್ ಮತ್ತು ಸೂಜಿಯ ಮಟ್ಟ ಸರಿಯಿಲ್ಲದಿದ್ದರೆ ಮೇಲೆ ಹೇಳಿದ್ದೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ.

ಎಂಜಿನ್ ಬಿಚ್ಚದೆಯೇ ಆಗುವ ಎರಡು ಕೆಲಸಗಳೂ ಇವೆ. ನನ್ನ ಒಲವು ಇವುಗಳ ಕಡೆಗೇ. ಕ್ರ್ಯಾಂಕಿನ ಜೊತೆ ತಿರುಗುವ ಭಾರದ ಚಕ್ರಕ್ಕೆ, ಅಂದರೆ ಫ್ಲೈವೀಲ್‌ಗೆ, ಹೆಚ್ಚುವರಿ ತೂಕ ಸೇರಿಸುವುದು ಒಂದು. ಅದು ಟಾರ್ಕನ್ನು ಒಂದು ಕಾಳಿನಷ್ಟೂ ಹೆಚ್ಚಿಸುವುದಿಲ್ಲ. ಬೇರಿಗೆ ಬರುವ ಮೊದಲು ತಿರುಗಿದ ಸುತ್ತುಗಳ ಶಕ್ತಿಯನ್ನು ಕೂಡಿಟ್ಟು, ಬೇರಿನ ಮೇಲೆ ಸಾಲವಾಗಿ ಕೊಡುತ್ತದೆ. ಚಕ್ರ ಹಠಾತ್ತನೆ ಜಾರುವುದಿಲ್ಲ, ಗಾಡಿ ಸುಲಭಕ್ಕೆ ಆಫ್ ಆಗುವುದಿಲ್ಲ. ಸವಾರ ಮಾತ್ರ ‘ಟಾರ್ಕ್ ಬಂತು’ ಎಂದು ಆಣೆ ಮಾಡಿ ಹೇಳುತ್ತಾನೆ. ಇನ್ನೊಂದು ಸ್ಪ್ರಾಕೆಟ್, ಚೈನ್ ಕೂರುವ ಹಲ್ಲುಚಕ್ರ. ಮುಂದಿನದರಲ್ಲಿ 14 ಹಲ್ಲುಗಳ ಬದಲು 13 ಹಾಕಿದರೆ ಹಿಂಚಕ್ರಕ್ಕೆ ತಲುಪುವ ತಿರುಚುಬಲ ಎಲ್ಲ ಗೇರ್‌ಗಳಲ್ಲೂ ಶೇ. 7.7ರಷ್ಟು ಹೆಚ್ಚು. ಅದೇ ನಡಿಗೆಯ ವೇಗದಲ್ಲಿ ಎಂಜಿನ್ ಸಹ ಅಷ್ಟೇ ಪಾಲು ಹೆಚ್ಚು ಸುತ್ತುತ್ತಿರುತ್ತದೆ, ಅಂದರೆ ಅಲೆ ಹೊತ್ತಿಗೆ ಬರುವ ಆರ್‌ಪಿಎಂಗೆ ಅಷ್ಟು ಹತ್ತಿರ.

ಇವೆಲ್ಲ ಮುಗಿದ ಮೇಲೆ ಅದೇ ಏರು, ಅದೇ ಬೇರು. ಥ್ರಾಟಲ್ ಅರ್ಧ ಇಂಚು ತಿರುಗಿದರೆ ಸಾಕು, ಎಂಜಿನ್ ಡಬ್ ಡಬ್ ಎನ್ನುತ್ತ ಬಂಡೆಯ ನೆತ್ತಿಗೆ ಗಾಡಿಯನ್ನು ಎತ್ತಿಡುತ್ತದೆ. ಏರು ದಾಟಿ ಬಯಲು ಬಂದಾಗ ಹಳೆಯ ಅಭ್ಯಾಸದಂತೆ ಆ ಕಿರುಚಾಟಕ್ಕಾಗಿ ಥ್ರಾಟಲ್ ಪೂರ್ತಿ ತಿರುಗಿಸುತ್ತೀರಿ. ಅದು ಬರುವ ಮೊದಲೇ ಎಂಜಿನ್ ಉಸಿರು ಬಿಡುತ್ತದೆ, ಕಾಲು ಮೇಲಿನ ಗೇರ್ ಹುಡುಕುತ್ತದೆ.