ಕಣ್ಣು ಹಳದಿಯಾಗದ ಹೆಪಟೈಟಿಸ್ ಬಿ

"ನನಗೆ ಯಾವತ್ತೂ ಕಾಮಾಲೆ ಆಗಿಲ್ಲ ಡಾಕ್ಟ್ರೇ, ಇದು ಎಲ್ಲಿಂದ ಬಂತು?" ಗಲ್ಫ್ ಕೆಲಸಕ್ಕೆ ಮೆಡಿಕಲ್ ಮಾಡಿಸಿ, ಅನ್‌ಫಿಟ್ ಅನ್ನಿಸಿಕೊಂಡು ಬರುವ ಕರಾವಳಿಯ ಹುಡುಗರು ಕೇಳುವುದು ಇದನ್ನೇ. ರಿಪೋರ್ಟಿನಲ್ಲಿ 'ಎಚ್‌ಬಿಎಸ್‌ಎಜಿ ಪಾಸಿಟಿವ್' ಅಂತಿರುತ್ತದೆ, ಅಂದರೆ ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ ಇದೆ ಎಂದರ್ಥ. ಹುಡುಗ ಮಾತ್ರ ಗಟ್ಟಿಮುಟ್ಟಾಗಿರುತ್ತಾನೆ. ಇನ್ನು ಕೆಲವರಿಗೆ ಗೊತ್ತಾಗುವುದು ರಕ್ತದಾನ ಮಾಡಿದಾಗ, ಇಲ್ಲವೇ ಆಪರೇಷನ್‌ಗೆ ಮುಂಚೆ.

ಭಾರತದಲ್ಲಿ ನೂರಕ್ಕೆ ಸುಮಾರು 2ರಿಂದ 4 ಜನರ ರಕ್ತದಲ್ಲಿ ಈ ವೈರಸ್ ಇದೆ ಎಂಬುದು ಬಹುಕಾಲದ ಅಂದಾಜು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಇಂಥವರು ಸುಮಾರು 3 ಕೋಟಿ. ಎಲ್ಲ ಕಡೆಯೂ ಒಂದೇ ಪ್ರಮಾಣ ಇಲ್ಲ. ಅಂಡಮಾನ್ ನಿಕೋಬಾರ್‌ನ ಕೆಲವು ಬುಡಕಟ್ಟುಗಳಲ್ಲಿ ಇದು ಹಲವು ಪಟ್ಟು ಜಾಸ್ತಿ.

ಸೋಂಕು ಯಾವ ವಯಸ್ಸಿನಲ್ಲಿ ತಗುಲಿತು ಅನ್ನುವುದೇ ಮುಖ್ಯ. ದೊಡ್ಡವರಿಗೆ ತಗುಲಿದರೆ ನೂರಕ್ಕೆ 95 ಜನ ತಾವಾಗಿಯೇ ವಾಸಿಯಾಗುತ್ತಾರೆ. ನಾಟಿ ಔಷಧಿಗೆ, ಕೈಗೆ ಹಾಕಿಸಿಕೊಂಡ ಬರೆಗೆ ಹೆಸರು ಬರುವುದು ಹೀಗೇ. ಕಣ್ಣು ಬೆಳ್ಳಗಾಯಿತು ಅಂತ ಉಳಿದವರೂ ಮತ್ತೆ ಪರೀಕ್ಷೆಗೆ ಬರುವುದಿಲ್ಲ ಎಂಬುದೇ ನನ್ನ ಚಿಂತೆ. ಆರು ತಿಂಗಳ ನಂತರವೂ ಪಾಸಿಟಿವ್ ಇದ್ದರೆ ವೈರಸ್ ಲಿವರ್‌ನಲ್ಲಿ ಬೇರೂರಿದೆ ಎಂದೇ ಅರ್ಥ. ಹೆರಿಗೆ ಸಮಯದಲ್ಲಿ ತಾಯಿಯಿಂದ ಸೋಂಕು ತಗುಲಿದ ಮಕ್ಕಳಲ್ಲಂತೂ ನೂರಕ್ಕೆ 90ರಷ್ಟು ಮಂದಿಗೆ ಅದು ಹಾಗೇ ಉಳಿದುಬಿಡುತ್ತದೆ. ಎಷ್ಟೋ ವರ್ಷ ಏನೂ ಗೊತ್ತಾಗುವುದಿಲ್ಲ. ಆಮೇಲೆ ಸಿರೋಸಿಸ್ (ಲಿವರ್ ಹಾಳಾಗಿ ಗಟ್ಟಿಯಾಗುವುದು), ಕೆಲವರಿಗೆ ಲಿವರ್ ಕ್ಯಾನ್ಸರ್.

ಹಾಗಾಗಿ ಬಸುರಿಯರಿಗೆ ಈ ಪರೀಕ್ಷೆ ಆಗಲೇಬೇಕು. ಮಗುವಿಗೆ ಹುಟ್ಟಿದ 24 ಗಂಟೆಯೊಳಗೆ ಲಸಿಕೆ, ತಾಯಿ ಪಾಸಿಟಿವ್ ಇದ್ದರೆ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ (ವೈರಸ್ ತಡೆಯುವ ಸಿದ್ಧ ಪ್ರತಿಕಾಯ) ಚುಚ್ಚುಮದ್ದು. ಆಮೇಲೆ 6, 10, 14ನೇ ವಾರದಲ್ಲಿ ಪೆಂಟಾವೇಲೆಂಟ್, ಅಂದರೆ ಹೆಪಟೈಟಿಸ್ ಬಿ ಸೇರಿ ಐದು ರೋಗ ತಡೆಯುವ ಲಸಿಕೆ. ಸರ್ಕಾರಿ ಕಾರ್ಯಕ್ರಮದಲ್ಲಿ ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಕಡೆ ತಲುಪಿದ್ದು 2011ರ ಹೊತ್ತಿಗೆ. ಈಗ ಮೂವತ್ತರ ಆಸುಪಾಸಿನಲ್ಲಿರುವ ಬಹಳಷ್ಟು ಮಂದಿಗೆ ಚಿಕ್ಕಂದಿನಲ್ಲಿ ಅದು ಸಿಕ್ಕಿಲ್ಲ.

ಇನ್ನೊಂದು ದಾರಿ ಸೂಜಿ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಬಳಸಿದ ಸಿರಿಂಜನ್ನೇ ಮತ್ತೆ ಬಳಸಿದ್ದು ಅದಕ್ಕೆ ಕಾರಣ. ಒಣಗಿದ ರಕ್ತದ ಕಲೆಯಲ್ಲೂ ಈ ವೈರಸ್ ಏಳು ದಿನ ಬದುಕಬಲ್ಲದು. ಜಾತ್ರೆಯಲ್ಲಿ ಹಚ್ಚೆ ಹಾಕುವ ಸೂಜಿ, ಕಟಿಂಗ್ ಶಾಪಿನ ಹಳೇ ಬ್ಲೇಡು ಎರಡಕ್ಕೂ ಈ ಮಾತು ಅನ್ವಯಿಸುತ್ತದೆ. ಸುಸ್ತು ಅಂತ ಸುಮ್ನೆ ಇಂಜೆಕ್ಷನ್ ಕೇಳಬೇಡಿ. ಬೇಕೇಬೇಕು ಅಂದಾಗ ಹೊಸ ಸಿರಿಂಜಿನ ಪ್ಯಾಕೆಟ್ ಕಣ್ಣೆದುರೇ ಒಡೆಸಿ. ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕದಿಂದಲೂ ಇದು ಹರಡುತ್ತದೆ.

ಪಾಸಿಟಿವ್ ಅಂದ ಕೂಡಲೇ ಕೆಲವು ಮನೆಗಳಲ್ಲಿ ತಟ್ಟೆ, ಲೋಟ ಬೇರೆ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜೊತೆಗೆ ಕೂತು ಊಟ ಮಾಡಿದರೆ ಇದು ಬರುವುದಿಲ್ಲ. ಲಸಿಕೆ ಹಾಕಿಸಿದ ಮಗುವಿಗೆ ತಾಯಿ ಹಾಲು ಕುಡಿಸಬಹುದು. ಬೇರೆ ಇಡಬೇಕಾದದ್ದು ರೇಜರ್, ಟೂತ್‌ಬ್ರಷ್, ನೇಲ್ ಕಟರ್. ಮನೆಯವರೆಲ್ಲ ಪರೀಕ್ಷೆ ಮಾಡಿಸಿ, ಸೋಂಕು ಇಲ್ಲದವರು, ಮೊದಲೇ ಹಾಕಿಸಿಕೊಂಡಿಲ್ಲದಿದ್ದರೆ, ಮೂರು ಡೋಸ್ ಲಸಿಕೆ ಪಡೆಯಬೇಕು.

ಪಾಸಿಟಿವ್ ಇರುವ ಎಲ್ಲರಿಗೂ ಮಾತ್ರೆ ಬೇಕಿಲ್ಲ. ಲಿವರ್ ಟೆಸ್ಟ್, ವೈರಸ್ ಪ್ರಮಾಣ, ಸ್ಕ್ಯಾನ್ ನೋಡಿ ತೀರ್ಮಾನಿಸುತ್ತೇವೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಮಾತ್ರೆ ಶುರು ಮಾಡಿದವರು, ಚೆನ್ನಾಗಿದ್ದೀನಲ್ವಾ ಅಂತ ತಾವಾಗಿ ನಿಲ್ಲಿಸಬಾರದು. ಹಾಗೆ ನಿಲ್ಲಿಸಿದಾಗ ವೈರಸ್ ಒಮ್ಮೆಲೇ ಕೆರಳಿ ಲಿವರ್ ಕೈಕೊಡಬಹುದು.